ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ನೋವಲ್ಲ: ವಾಲಿಬಾಲ್ ಆಟಗಾರರ ಭುಜದ ಹಿನ್ನೆಲೆ

ಮಳೆಗಾಲ ಮುಗಿದು ಗದ್ದೆಯ ನೆಲ ಗಟ್ಟಿಯಾಯಿತೆಂದರೆ ಕಾಸರಗೋಡಿನ ಮಂಜೇಶ್ವರ, ಕುಂಬಳೆಯಿಂದ ತೊಡಗಿ ನೀಲೇಶ್ವರದವರೆಗೆ ಫ್ಲಡ್‌ಲೈಟ್ ವಾಲಿಬಾಲಿನ ಕಾಲ. ಒಳ್ಳೆಯ ಅಟ್ಯಾಕರ್ ಆದರೆ ಇಂದು ಬದಿಯಡ್ಕ, ನಾಳೆ ಉಪ್ಪಳ. ರಾತ್ರಿ ಆಟ, ಬೆಳಗ್ಗೆ ಕೆಲಸ, ನಡುವೆ ಭುಜಕ್ಕೆ ಬಿಡುವಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೊಡೆಯುವ ಕೈಯನ್ನು ತಲೆಯ ಮೇಲೆತ್ತಿದರೆ ಚುಚ್ಚತೊಡಗುತ್ತದೆ. ಮೊದಲು ಕಳರಿ ವಿದ್ಯೆ ಕಲಿಸುವ ಗುರುಕ್ಕಳಲ್ಲಿ ಎಣ್ಣೆ ಹಾಕಿ ಉಜ್ಜಿಸುವುದು, ಆಮೇಲೆ ಮೆಡಿಕಲ್ಲಿನ ನೋವಿನ ಮಾತ್ರೆ, ಕೊನೆಗೆ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್. ವರದಿಯಲ್ಲಿ ‘ಸುಪ್ರಾಸ್ಪೈನೇಟಸ್ ಟೆಂಡನ್, ಪಾರ್ಶಿಯಲ್ ಟೇರ್’ ಎಂದಿರುತ್ತದೆ. ಅಂದರೆ ತೋಳನ್ನೆತ್ತುವ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಟೆಂಡನ್, ಭಾಗಶಃ ಹರಿದಿದೆ ಎಂದು. ಅದನ್ನು ಓದಿದ ಮನೆಯವರು ಆಪರೇಷನ್ನಿನ ಖರ್ಚು ಲೆಕ್ಕ ಹಾಕುತ್ತಾರೆ, ಹುಡುಗ ಆಟ ಬಿಡುತ್ತಾನೆ. ಎರಡೂ ಅವಸರದ ತೀರ್ಮಾನಗಳು. ಆ ಒಂದು ಸಾಲಿಗೆ ಎಷ್ಟು ಬೆಲೆ ಕೊಡಬೇಕು ಎಂಬುದರ ಮೇಲೆ ವೈದ್ಯರೇ ಅರ್ಧ ಶತಮಾನ ಗುದ್ದಾಡಿದ್ದಾರೆ.

ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1972ರಲ್ಲಿ ಬರೆದ ಲೇಖನದಿಂದ ಈ ಕತೆ ಬಿರುಸಾಯಿತು. ಭುಜದ ಮೇಲ್ಛಾವಣಿಯಂತಿರುವ ಅಕ್ರೋಮಿಯಾನ್ ಮೂಳೆಯ ಮುಂತುದಿಗೆ ಕೆಳಗಿನ ಟೆಂಡನ್ ತಾಗಿ ತಾಗಿ ಸವೆಯುತ್ತದೆ, ಹರಿಯುವುದಕ್ಕೆಲ್ಲ ಬಹುಪಾಲು ಇದೇ ಕಾರಣ ಎಂಬುದು ಅವರ ವಾದ. ಹಾಗಾಗಿ ಮೂಳೆಯ ಅಡಿಭಾಗವನ್ನು ಕೆತ್ತಿ ಜಾಗ ಮಾಡುವ ಆಪರೇಷನ್ ಜಗತ್ತಿನೆಲ್ಲೆಡೆ ಹಬ್ಬಿತು. ಮಧ್ಯವಯಸ್ಕರಿಗೆಂದು ಕಟ್ಟಿದ ಈ ವಿವರಣೆಯನ್ನು ಇಪ್ಪತ್ತರ ಹರೆಯದ ಎಸೆತಗಾರರಿಗೂ ಹಾಗೆಯೇ ಅನ್ವಯಿಸಿದರು. ಅದು ಅಷ್ಟಾಗಿ ಹೊಂದಲಿಲ್ಲ. ಫ್ರಾನ್ಸಿನ ಜೀಲ್ ವಾಲ್ಶ್ ಮತ್ತು ಸಂಗಡಿಗರು 1992ರಲ್ಲಿ ಬೇರೊಂದು ಜಾಗ ತೋರಿಸಿದರು. ಸ್ಮ್ಯಾಶಿಗೆಂದು ತೋಳನ್ನು ಎತ್ತಿ ಪೂರ್ತಿ ಹಿಂದಕ್ಕೆ ತಿರುಗಿಸಿದಾಗ ಟೆಂಡನ್ನಿನ ಅಡಿಮೈ, ತೋಳಮೂಳೆಯ ಗುಬುಟಿಗೂ ಕೀಲಿನ ಬಟ್ಟಲಿನ ಹಿಂಬದಿ ಮೇಲಂಚಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಂದರೆ ಇಂಥ ಆಟಗಾರನ ಹರಕು ಛಾವಣಿಯ ಬದಿಯಲ್ಲಲ್ಲ, ಕೀಲಿನ ಬದಿಯಲ್ಲಿ. ಮೂಳೆ ಕೆತ್ತಿದರೆ ಅದಕ್ಕೇನೂ ಆಗದು. ಟೇರ್ ಯಾವ ಬದಿಯದು ಎಂದು ವರದಿಯಲ್ಲಿ ಇಲ್ಲವಾದರೆ ಅರ್ಧ ವರದಿ ಬಂದಿಲ್ಲವೆಂದೇ ಲೆಕ್ಕ.

ಇನ್ನು ಯಂತ್ರದ ಕಡೆಗೆ ಬರೋಣ. ಮೊದಲು ಕೀಲಿಗೆ ಡೈ ಚುಚ್ಚಿ ಎಕ್ಸ್‌ರೇ ತೆಗೆಯುವುದೇ ದಾರಿಯಾಗಿತ್ತು. ಭುಜಕ್ಕೆ ಅಲ್ಟ್ರಾಸೌಂಡ್ ಹಿಡಿದ ಆರಂಭದ ವರದಿಗಳು 1970ರ ದಶಕದ ಕೊನೆಗೆ ಬಂದವು. ಕ್ರಾಸ್, ಮಿಡಲ್ಟನ್, ಮ್ಯಾಕ್ ಮೊದಲಾದ ಅಮೆರಿಕದ ರೇಡಿಯಾಲಜಿಸ್ಟರು 1980ರ ದಶಕದ ನಡುವೆ ಅದಕ್ಕೊಂದು ಕ್ರಮ ಕೊಟ್ಟರು. ಮೈಗೆ ಒತ್ತಿ ಹಿಡಿಯುವ ಆಗಿನ ಪ್ರೋಬುಗಳ ಚಿತ್ರ ಒರಟು. ಅದರ ಮೇಲೆ ಟೆಂಡನ್ನಿನದೇ ಒಂದು ಸ್ವಭಾವ: ತೆಂಗಿನ ಗರಿ ಬಿಸಿಲಿಗೆ ಒಂದು ಕೋನದಲ್ಲಿ ಮಾತ್ರ ಮಿಂಚುವಂತೆ, ಧ್ವನಿ ಅಲೆ ನೇರ ಲಂಬವಾಗಿ ಬಿದ್ದಾಗಷ್ಟೇ ಅದು ಬೆಳ್ಳಗೆ ಕಾಣುತ್ತದೆ. ಪ್ರೋಬ್ ಸ್ವಲ್ಪ ಓರೆಯಾದರೂ ಗಟ್ಟಿ ಟೆಂಡನ್ ಕಪ್ಪಾಗಿ, ಹರಿದಂತೆ ತೋರುತ್ತದೆ. ಇದನ್ನು ಅನೈಸೋಟ್ರಪಿ ಎನ್ನುತ್ತಾರೆ. ಇಲ್ಲದ ಟೇರನ್ನು ವರದಿಯಲ್ಲಿ ತರುವ ಮುಖ್ಯ ಕಳ್ಳ ಇದೇ. ಎಂಆರ್‌ಐ ಬಂದಮೇಲೆ ಹಲವರು ಅಲ್ಟ್ರಾಸೌಂಡನ್ನು ಬದಿಗಿಟ್ಟರು. 10 ಮೆಗಾಹರ್ಟ್ಸ್ ಮೀರಿದ ಲೀನಿಯರ್ ಪ್ರೋಬುಗಳು ಸಾಮಾನ್ಯವಾದ ಮೇಲೆ ಅದು ಮರಳಿ ಬಂತು. ಪೂರ್ತಿ ಆಳಕ್ಕೆ ಹರಿದದ್ದನ್ನು ಹಿಡಿಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಭಾಗಶಃ ಹರಿದದ್ದರಲ್ಲಿ ಎರಡೂ ಎಡವುತ್ತವೆ.

ಅಲ್ಟ್ರಾಸೌಂಡಿನಲ್ಲಿ ಭುಜವನ್ನು ಸರಿಯಾಗಿ ನೋಡಲು ರೋಗಿಯನ್ನು ಮಲಗಿಸಬಾರದು, ತಿರುಗುವ ಸ್ಟೂಲಿನಲ್ಲಿ ಕೂರಿಸಬೇಕು. ಮೊದಲು ಅಂಗೈ ಮೇಲಾಗಿ ಕೈ ತೊಡೆಯ ಮೇಲಿಟ್ಟು ಬೈಸೆಪ್ಸಿನ ಟೆಂಡನ್ ಮೂಳೆಯ ಮೇಲಿನ ತನ್ನ ತೋಡಿನಲ್ಲಿ ಕೂತಿದೆಯೇ ಎಂದು ನೋಡುತ್ತಾರೆ. ಮೊಣಕೈ ಪಕ್ಕೆಗೆ ಒತ್ತಿ ಮುಂಗೈ ಹೊರಕ್ಕೆ ತಿರುಗಿಸಿದರೆ ಭುಜದ ಮುಂಬದಿಯ ಸ್ನಾಯು ಸಬ್‌ಸ್ಕ್ಯಾಪುಲಾರಿಸ್ ಎದುರಿಗೆ ಬರುತ್ತದೆ. ಸುಪ್ರಾಸ್ಪೈನೇಟಸ್ ಅಕ್ರೋಮಿಯಾನಿನ ಅಡಿ ಅಡಗಿರುವುದರಿಂದ ಅಂಗೈಯನ್ನು ಪ್ಯಾಂಟಿನ ಹಿಂಜೇಬಿನ ಮೇಲೆ ಇಡಿಸಿ, ಮೊಣಕೈ ಹಿಂದಕ್ಕೆ ತಳ್ಳಿಸಿ ಅದನ್ನು ಹೊರಗೆಳೆಯಬೇಕು. ಟೆಂಡನ್ನನ್ನು ಉದ್ದಕ್ಕೂ ಅಡ್ಡಕ್ಕೂ ಎರಡೂ ಬಗೆಯಲ್ಲಿ ನೋಡಬೇಕು. ಕಪ್ಪು ಕಂಡಲ್ಲಿ ಪ್ರೋಬಿನ ಒಂದು ತುದಿಯನ್ನು ಒತ್ತಿ ಕೋನ ಬದಲಿಸಬೇಕು. ಕಪ್ಪು ಮಾಯವಾದರೆ ಅದು ಟೇರ್ ಅಲ್ಲ. ನಿಂತರೆ, ಮೂಳೆಯ ಮೈಯೂ ಅಲ್ಲಿ ತರಕಲಾಗಿದ್ದರೆ, ಅನುಮಾನ ಗಟ್ಟಿ. ಎಸೆಯುವವರ, ಹೊಡೆಯುವವರ ಹರಕು ಹೆಚ್ಚಾಗಿ ಸುಪ್ರಾಸ್ಪೈನೇಟಸ್ ಮತ್ತು ಅದರ ಹಿಂದಿನ ಸ್ನಾಯು ಇನ್‌ಫ್ರಾಸ್ಪೈನೇಟಸ್ ಕೂಡುವ ಹಿಂಭಾಗದಲ್ಲಿರುತ್ತದೆ. ಮುಂದಿನ ಅಂಚು ನೋಡಿ ಮುಗಿಸಿದವರಿಗೆ ಅದು ಸಿಗುವುದಿಲ್ಲ.

ವಾಲಿಬಾಲಿನವರಿಗೆ ಇನ್ನೂ ಒಂದು ಜಾಗ ಮುಖ್ಯ, ಅದನ್ನೇ ಹೆಚ್ಚು ಬಿಡುತ್ತಾರೆ. ಭಾರತದ ವಾಲಿಬಾಲ್ ತಾರೆ, ಪೇರಾವೂರಿನ ಜಿಮ್ಮಿ ಜಾರ್ಜ್ ಇಟಲಿಯ ಕ್ಲಬ್ಬುಗಳಲ್ಲಿ ಆಡುತ್ತಿದ್ದ ದಶಕವದು. ಅದೇ ದೇಶದ ವೈದ್ಯ ಆಂಡ್ರಿಯಾ ಫೆರೆಟ್ಟಿ ಮತ್ತು ಸಂಗಡಿಗರು 1985ರ ಯುರೋಪಿಯನ್ ಚಾಂಪಿಯನ್‌ಶಿಪ್ಪಿಗೆ ಬಂದ 96 ಆಟಗಾರರ ಭುಜ ಪರೀಕ್ಷಿಸಿದರು. 12 ಮಂದಿಯ ಹೊಡೆಯುವ ಬದಿಯಲ್ಲಿ ಇನ್‌ಫ್ರಾಸ್ಪೈನೇಟಸ್ ಸ್ನಾಯುವಿನ ನರ ಸೋತಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ. ಹೆಗಲಮೂಳೆಯ ಹಿಂಬದಿಯಲ್ಲಿ ಸ್ಪೈನೋಗ್ಲಿನಾಯ್ಡ್ ಎಂಬ ಕಚ್ಚಿನ ಬಳಿ ನರ ಬಾಗಿ ಹೋಗುತ್ತದೆ, ಕೈ ಬೀಸಿದಾಗಲೆಲ್ಲ ಅಲ್ಲಿ ಎಳೆತ. ತಿರುಗದೆ ತೇಲುವ ಫ್ಲೋಟ್ ಸರ್ವಿಗಾಗಿ ಕೈಯನ್ನು ಥಟ್ಟನೆ ತಡೆಯುವುದರ ಮೇಲೂ ಅನುಮಾನವಿದೆ. ಸ್ಕ್ಯಾನಿನಲ್ಲಿ ಆ ಸ್ನಾಯು ಇನ್ನೊಂದು ಬದಿಗಿಂತ ತೆಳ್ಳಗೂ ಬೆಳ್ಳಗೂ ಕಾಣುತ್ತದೆ. ಒಮ್ಮೊಮ್ಮೆ ಕಚ್ಚಿನಲ್ಲೇ ನೀರುಗಂಟು ಕೂತು ನರವನ್ನು ಒತ್ತುತ್ತಿರುತ್ತದೆ. ಇಲ್ಲೂ ಒಂದು ಮೋಸವಿದೆ: ಕೈ ಹೊರಕ್ಕೆ ತಿರುಗಿಸಿದಾಗ ಅಲ್ಲಿನ ರಕ್ತನಾಳ ಉಬ್ಬಿ ಗಂಟಿನಂತೆಯೇ ತೋರುತ್ತದೆ. ಕೈ ಒಳಕ್ಕೆ ತಿರುಗಿಸಿ ನೋಡಿದರೆ ನಾಳ ಕುಗ್ಗುತ್ತದೆ, ಗಂಟು ಕುಗ್ಗುವುದಿಲ್ಲ.

ಚಿತ್ರ ಚೆನ್ನಾದಷ್ಟೂ ಇನ್ನೊಂದು ತಲೆನೋವು ಬಂತು, ನೋವಿಲ್ಲದ ಭುಜಗಳಲ್ಲೂ ಹರಕು ಕಾಣತೊಡಗಿತು. ಕಾನರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನದಲ್ಲಿ, ಯಾವ ತೊಂದರೆಯೂ ಇಲ್ಲದ 20 ಮಂದಿ ಉನ್ನತ ಮಟ್ಟದ ಆಟಗಾರರಲ್ಲಿ 8 ಮಂದಿಯ ಆಡುವ ಭುಜದಲ್ಲಿ ಟೇರ್‌ನ ಗುರುತಿತ್ತು, ಇನ್ನೊಂದು ಭುಜದಲ್ಲಿ ಒಬ್ಬರಿಗೂ ಇರಲಿಲ್ಲ. ಐದು ವರ್ಷದ ಬಳಿಕ ವಿಚಾರಿಸಿದಾಗಲೂ ಅವರಿಗೆ ಭುಜದ ತೊಂದರೆ ಇರಲಿಲ್ಲ. ಗಿರೀಶ್ ಮತ್ತು ಸಂಗಡಿಗರು 2011ರಲ್ಲಿ ನೋವಿಲ್ಲದ 51 ಗಂಡಸರನ್ನು, 40ರಿಂದ 70 ವಯಸ್ಸಿನವರನ್ನು, ಅಲ್ಟ್ರಾಸೌಂಡಿನಲ್ಲಿ ನೋಡಿದರು; 96 ಶೇಕಡಾ ಮಂದಿಯಲ್ಲಿ ಏನಾದರೊಂದು ದೋಷ ಸಿಕ್ಕಿತು. ನೀರ್ ಅವರ ಮೂಳೆ ಕೆತ್ತುವ ಆಪರೇಷನ್ನನ್ನೇ ಬ್ರಿಟನ್ನಿನಲ್ಲಿ ತಪಾಸಣೆಗೆ ಒಡ್ಡಿದರು. 2018ರಲ್ಲಿ ಬಂದ ಫಲಿತಾಂಶದಂತೆ, ಬರೀ ದುರ್ಬೀನು ಹಾಕಿ ನೋಡಿ ಮೂಳೆ ಮುಟ್ಟದೆ ಹೊಲಿದವರಿಗೂ ಕೆತ್ತಿಸಿಕೊಂಡವರಷ್ಟೇ ಗುಣವಾಗಿತ್ತು. ಅವರು ಆಟಗಾರರಲ್ಲ, ನಿಜ. ಆದರೂ ಹುಡುಗನ ಭುಜಕ್ಕೆ ಅದೇ ಆಪರೇಷನ್ ಹೇಳುವವರು ಈಗ ಕಾರಣ ಕೊಡಬೇಕಾಗುತ್ತದೆ.

ಚಿಕ್ಕ ಯಂತ್ರವೊಂದನ್ನು ಮೈದಾನದ ಬದಿಗೇ ತಂದು ಆಡುವ ಭಂಗಿಯಲ್ಲೇ ನೋಡಬಾರದೇ? ಕೆಲವು ದೇಶಗಳಲ್ಲಿ ಹಾಗೆ ಮಾಡುತ್ತಾರೆ. ನಮ್ಮಲ್ಲಿ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಅಡ್ಡ ಬರುತ್ತದೆ. 2003ರ ತಿದ್ದುಪಡಿಯಿಂದ ಅದು ಇನ್ನೂ ಬಿಗಿಯಾಯಿತು. ಭ್ರೂಣ ನೋಡಬಲ್ಲ ಯಂತ್ರವೆಂದರೆ ಅದನ್ನು ಭುಜಕ್ಕೆ ಮಾತ್ರ ಬಳಸಿದರೂ ನೋಂದಣಿ ಬೇಕು. ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದಲ್ಲೋ ಸಂಚಾರಿ ವೈದ್ಯಕೀಯ ಘಟಕದಲ್ಲೋ ಮಾತ್ರ ಬಳಸಬಹುದೆಂದು 2012ರ ನಿಯಮ. ಕಾಯ್ದೆಯ ಉದ್ದೇಶದಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಅದರಿಂದಾಗಿ ನಮ್ಮವರ ಭುಜದ ಸ್ಕ್ಯಾನ್ ಪೇಟೆಯ ಕೋಣೆಯಲ್ಲೇ, ಆಟ ನೋಡದ ವೈದ್ಯರ ಮುಂದೆಯೇ ಆಗುತ್ತದೆ. ಕಾಸರಗೋಡಿನವರಿಗೆ ಆ ಪೇಟೆ ಹೆಚ್ಚಾಗಿ ಗಡಿಯಾಚೆಯದು; 2020ರಲ್ಲಿ ತಲಪಾಡಿ ಮುಚ್ಚಿದಾಗ ಅದರ ಬಿಸಿ ಎಲ್ಲರಿಗೂ ತಟ್ಟಿದೆ.

ಹಾಗಾಗಿ ಕಳಿಸುವ ವೈದ್ಯರ ಚೀಟಿಯೇ ಮುಖ್ಯ. ‘ಭುಜ ನೋವು, ಸ್ಕ್ಯಾನ್ ಮಾಡಿ’ ಎಂದಿದ್ದರೆ ವರದಿಯೂ ಅಷ್ಟೇ ಬೋಳಾಗಿ ಬರುತ್ತದೆ. ಆಡುವ ಕೈ ಯಾವುದು, ನೋವು ಕೈ ಹಿಂದಕ್ಕೆ ಎಳೆದಾಗಲೋ ಹೊಡೆದ ಮೇಲೋ, ಮುಂದೋ ಹಿಂದೋ, ಮೊಣಕೈ ಪಕ್ಕೆಗೆ ಒತ್ತಿ ಮುಂಗೈ ಹೊರಕ್ಕೆ ತಳ್ಳಿದರೆ ಬಲ ಕಡಿಮೆಯೇ, ಬಿದ್ದದ್ದುಂಟೇ ಎಂಬುದನ್ನು ಬರೆಸಬೇಕು. ಎರಡೂ ಭುಜ ನೋಡಿ, ಹಿಂಬದಿಯ ಕಚ್ಚನ್ನೂ ನೋಡಿ ಎಂದು ಸ್ಪಷ್ಟವಾಗಿ ಕೇಳಬೇಕು. ಬಿದ್ದ ಕೂಡಲೇ ಕೈ ಎತ್ತಲಾಗದಿದ್ದರೆ ಕಾಯದೆ ಎಕ್ಸ್‌ರೇಯೂ ಸ್ಕ್ಯಾನೂ ಆಗಬೇಕು. ಮೆಲ್ಲಗೆ ಬೆಳೆದ ನೋವಾದರೆ ಸ್ಮ್ಯಾಶ್ ಕಡಿಮೆ ಮಾಡಿ ಫಿಸಿಯೋಥೆರಪಿಸ್ಟರ ವ್ಯಾಯಾಮ ಆರರಿಂದ ಹನ್ನೆರಡು ವಾರ ಮಾಡಿ ನೋಡುವುದು ಮೊದಲ ದಾರಿ. ಕೀಲಿನೊಳಗೆ ಕಟಕ್ಕೆಂದು ಸಿಕ್ಕಿಕೊಳ್ಳುವುದು, ಕೀಲು ಜಾರಿದಂತಾಗುವುದು ಇದ್ದರೆ ಅಲ್ಟ್ರಾಸೌಂಡಿಗೆ ದುಡ್ಡು ಹಾಕಿ ಪ್ರಯೋಜನವಿಲ್ಲ. ಬಟ್ಟಲಿನ ಅಂಚಿಗೆ ಸುತ್ತಿದ ಲೇಬ್ರಮ್ ಎಂಬ ಪಟ್ಟಿಯ ಬಹುಭಾಗ ಅದಕ್ಕೆ ಕಾಣದು, ಕೀಲಿಗೆ ಡೈ ಹಾಕಿದ ಎಂಆರ್‌ಐ ಬೇಕು.

ಸ್ಕ್ಯಾನ್ ನೋಡುತ್ತಲೇ ಸ್ಟೆರಾಯ್ಡ್ ಚುಚ್ಚಿಸಿ ವಾರದೊಳಗೆ ಆಡಿಸುವ ಕ್ಲಬ್ಬುಗಳೂ ಇವೆ. ಅದರಿಂದ ನೋವು ಅಡಗುತ್ತದೆ, ಟೆಂಡನ್ ಗಟ್ಟಿಯಾಗುವುದಿಲ್ಲ. ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವವರಿಗೆ ಇನ್ನೊಂದು ಅಪಾಯ: 2022ರ ಜನವರಿ 1ರಿಂದ ವಾಡಾ (ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಂತೆ ಸ್ಪರ್ಧೆಯ ಅವಧಿಯಲ್ಲಿ ಯಾವ ಜಾಗಕ್ಕೆ ಚುಚ್ಚಿದ ಗ್ಲೂಕೋಕಾರ್ಟಿಕಾಯ್ಡ್ (ಇದೇ ಬಗೆಯ ಸ್ಟೆರಾಯ್ಡ್) ಆದರೂ ನಿಷಿದ್ಧ, ಔಷಧಿ ಮೈಯಿಂದ ಹೋಗಲು ಕೆಲವಕ್ಕೆ ವಾರಗಳೇ ಬೇಕು. ಚುಚ್ಚಿಸಿಕೊಂಡವರು ಔಷಧಿಯ ಹೆಸರು, ಪ್ರಮಾಣ, ದಿನಾಂಕವನ್ನು ವೈದ್ಯರ ಕೈಯಿಂದಲೇ ಬರೆಸಿ ಇಟ್ಟುಕೊಳ್ಳಬೇಕು.