ಎಂಟು ತಿಂಗಳಿಂದ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ, ಮಾತು ಮಾತ್ರ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನನಗೆ 44 ವರ್ಷ. ಬೆಂಗಳೂರಿನಲ್ಲಿ ಕೂತು ಮೆಕ್ಸಿಕೋದ ತಂಡದ ಜೊತೆ ಕೆಲಸ ಮಾಡುತ್ತೇನೆ. ಎಂಟು ತಿಂಗಳಿಂದ ಒಂದು ದಿನವೂ ತಪ್ಪಿಸದೆ, ದಿನಕ್ಕೆ ಕಾಲು ಗಂಟೆಯಂತೆ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಪರದೆಯ ಮೇಲೆ ಬಂದದ್ದು ಬಹುಪಾಲು ಅರ್ಥವಾಗುತ್ತದೆ. ಆದರೆ ಮೊನ್ನೆ ಕಾಲ್‌ನಲ್ಲಿ ಒಬ್ಬರು ಸ್ಪ್ಯಾನಿಷ್‌ನಲ್ಲೇ ‘ವೀಕೆಂಡ್ ಹೇಗಿತ್ತು’ ಎಂದು ಕೇಳಿದಾಗ ಒಂದೇ ಒಂದು ಪದ ಹೊರಡಲಿಲ್ಲ. ಸಾಫ್ಟ್‌ವೇರ್ ನಂಬಿ ಭಾಷೆ ಕಲಿಯಲು ಆಗುತ್ತದೆಯೇ? ಇಲ್ಲಾ ನನಗೇ ವಯಸ್ಸಾಯಿತೇ?

ಉತ್ತರ: ಮೊದಲು ಲೆಕ್ಕ ಹಾಕೋಣ. ದಿನಕ್ಕೆ 15 ನಿಮಿಷ, 240 ದಿನ. ಒಟ್ಟು 60 ಗಂಟೆ. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವುದಕ್ಕೆಂದೇ ಫಾರಿನ್ ಸರ್ವೀಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಇಟ್ಟುಕೊಂಡಿದೆ. ಇಂಗ್ಲಿಷ್ ಮನೆಮಾತಿನವರಿಗೆ ಅತಿ ಸುಲಭದ ಭಾಷೆಗಳು ಎಂದು ಅದು ಪಟ್ಟಿ ಮಾಡಿದವುಗಳಲ್ಲಿ ಸ್ಪ್ಯಾನಿಷ್ ಒಂದು. ಅಂಥ ಸುಲಭದ ಭಾಷೆಯಲ್ಲೂ ಕೆಲಸ ನಿಭಾಯಿಸುವಷ್ಟು ಹಿಡಿತ ಬರಲು 600ರಿಂದ 750 ಗಂಟೆ ಪಾಠ ಬೇಕು ಎಂಬುದು ಅವರ ಅಂದಾಜು. ಅದೂ ಮೇಷ್ಟರ ಎದುರು ಕೂತು. ನೀವು ನಡೆದಿರುವುದು ಹೆಚ್ಚೆಂದರೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ ವಯಸ್ಸಿನ ಮೇಲೆ ಈಗಲೇ ಗೂಬೆ ಕೂರಿಸಬೇಡಿ.

ಹಾಗೆಂದು ಇದೇ ರೀತಿ 600 ಗಂಟೆ ಬೆರಳಾಡಿಸಿದರೆ ಮಾತು ಬರುತ್ತದೆಯೇ? ಬರುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಮದುವೆಮನೆಯಲ್ಲಿ ಯಾರೋ ಎದುರಾಗುತ್ತಾರೆ. ಮುಖ ಕಂಡ ಕೂಡಲೇ ‘ಇವರು ನಮ್ಮ ಕಡೆಯವರೇ’ ಎಂದು ಗೊತ್ತಾಗುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಗುರುತು ಹಿಡಿಯುವುದೇ ಬೇರೆ, ಹೆಸರು ಹಿಡಿದು ಕರೆಯುವುದೇ ಬೇರೆ. ಆ್ಯಪ್‌ನಲ್ಲಿ ನಾಲ್ಕು ಚಿತ್ರ ಕೊಟ್ಟು ಒಂದನ್ನು ಒತ್ತು ಎಂದಾಗ, ಚೆಲ್ಲಾಪಿಲ್ಲಿಯಾದ ಪದಗಳನ್ನು ಜೋಡಿಸು ಎಂದಾಗ ನೀವು ಮಾಡುತ್ತಿರುವುದು ಗುರುತು ಹಿಡಿಯುವ ಕೆಲಸ. ಉತ್ತರ ಅಲ್ಲೇ ಪರದೆಯ ಮೇಲೆ ಬಿದ್ದಿದೆ. ಕಾಲ್‌ನಲ್ಲಿ ಪರದೆ ಖಾಲಿ.

ಗಣಕಕ್ಕೆ ನಿಜವಾಗಿ ಚೆನ್ನಾಗಿ ಬರುವ ಕೆಲಸ ಒಂದಿದೆ: ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವುದು. ಇದು ಗಣಕಕ್ಕಿಂತ ಹಳೆಯ ವಿದ್ಯೆ. ಕಲಿತದ್ದು ದಿನ ಕಳೆದಂತೆ ಹೇಗೆ ಕರಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದಿಟ್ಟ. ಅದನ್ನೇ ಗಣಕಕ್ಕೆ ಇಳಿಸಿದ ತಂತ್ರಾಂಶಗಳಲ್ಲಿ ನನಗೆ ಮೆಚ್ಚುಗೆಯಾದದ್ದು 2006ರಲ್ಲಿ ಬಂದ ಆಂಕಿ. ನೋಡಲು ಮಹಾ ನೀರಸ, ಹೊಗಳುವ ಪ್ರಾಣಿಪಕ್ಷಿ ಯಾವುದೂ ಇಲ್ಲ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಪುಕ್ಕಟೆ. ಕಾರ್ಡಿನ ಒಂದು ಬದಿ ತೋರಿಸುತ್ತದೆ, ಇನ್ನೊಂದು ಬದಿಯನ್ನು ನೀವು ಹೇಳಬೇಕು. ಸರಿಯಾದರೆ ಕೆಲವು ದಿನ ಬಿಟ್ಟು, ಆಮೇಲೆ ಕೆಲವು ವಾರ ಬಿಟ್ಟು ಕೇಳುತ್ತದೆ. ತಪ್ಪಿದರೆ ಕೂಡಲೇ ಮತ್ತೆ.

ಇಲ್ಲಿ ನನ್ನದೊಂದು ಹಟ. ಬೇರೆಯವರು ಮಾಡಿಟ್ಟ ಕಾರ್ಡು ಬೇಡ, ನಿಮ್ಮವೇ ಮಾಡಿಕೊಳ್ಳಿ. ಮುಂದಿನ ಬದಿಯಲ್ಲಿ ಇಂಗ್ಲಿಷ್ ಬೇಡ, ಕನ್ನಡ ಇರಲಿ. ಬಿಡಿ ಪದ ಬೇಡ, ನೀವು ನಿಜಕ್ಕೂ ಆಡುವ ವಾಕ್ಯ ಇರಲಿ. ‘ಶನಿವಾರ ಅತ್ತೆ ಮನೆಗೆ ಹೋದೆ’ ಎಂದು ಬರೆದು, ಹಿಂದೆ ‘ಎಲ್ ಸಾಬಾದೊ ಫುಇ ಆ ಲಾ ಕಾಸಾ ದೆ ಮಿ ಸ್ವೆಗ್ರಾ’ ಎಂದು ಬರೆಯಿರಿ. (ಸೋದರತ್ತೆ ಆದರೆ ಸ್ವೆಗ್ರಾ ಅಲ್ಲ, ತೀಯಾ. ಸ್ಪ್ಯಾನಿಷ್‌ನಲ್ಲಿ ಇಬ್ಬರು ಅತ್ತೆಯರೂ ಬೇರೆ ಬೇರೆ.) ಇಂಥ 50 ವಾಕ್ಯ ಕೈಯಲ್ಲಿದ್ದರೆ ಸೋಮವಾರದ ಕಾಲ್ ದಾಟಬಹುದು.

ಕನ್ನಡವೇ ಯಾಕೆ? ಸ್ಪ್ಯಾನಿಷ್ ಕಲಿಸುವ ಸಾಫ್ಟ್‌ವೇರ್‌ಗಳು ಬಹುತೇಕ ಇಂಗ್ಲಿಷ್ ಬಾಗಿಲಿನಿಂದಲೇ ಒಳಗೆ ಬಿಡುತ್ತವೆ. ಇಂಗ್ಲಿಷಿನವರಿಗೆ ಕಷ್ಟವಾದದ್ದನ್ನೆಲ್ಲ ನಾವೂ ಕಷ್ಟ ಎಂದುಕೊಂಡೇ ಕಲಿಯುತ್ತೇವೆ. ‘ಮೆ ಗುಸ್ತಾ ಎಲ್ ಕಫೆ’ ಎಂಬುದನ್ನು ‘ಐ ಲೈಕ್ ಕಾಫಿ’ ಎಂದು ತಿಳಿದವರಿಗೆ ಈ ‘ಮೆ’ ಎಲ್ಲಿಂದ ಬಂತು ಎಂಬ ಗೊಂದಲ. ನಾವು ಹುಟ್ಟಿನಿಂದ ಹೇಳುತ್ತಿರುವುದೇ ಅದು: ನನಗೆ ಕಾಫಿ ಇಷ್ಟ. ‘ಮೆ ದ್ವೆಲೆ ಲಾ ಕಬೆಸಾ’, ನನಗೆ ತಲೆ ನೋಯುತ್ತಿದೆ. ನಾನು ಮೊದಲ ಮೂರು ತಿಂಗಳು ಇದನ್ನು ಇಂಗ್ಲಿಷ್ ವಿವರಣೆ ಓದಿ ಬಾಯಿಪಾಠ ಮಾಡಿದೆ. ಒಂದು ದಿನ ಅಡುಗೆಮನೆಯಲ್ಲಿ ನಿಂತಿದ್ದಾಗ ‘ಅರೆ, ಇದು ನಮ್ಮ ನಾಲ್ಕನೇ ವಿಭಕ್ತಿಯಲ್ಲವೇ’ ಎಂದು ಹೊಳೆದು ನಗು ಬಂತು.

ಇನ್ನೂ ಇದೆ. ನಿನ್ನೆ ಹೋದದ್ದಕ್ಕೂ ಬಾಲ್ಯದಲ್ಲಿ ದಿನಾ ಹೋಗುತ್ತಿದ್ದುದಕ್ಕೂ ಇಂಗ್ಲಿಷಿನಲ್ಲಿ ‘ವೆಂಟ್’ ಒಂದೇ ನಡೆದುಬಿಡುತ್ತದೆ. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು ‘ಫುಇ’, ಎರಡನೆಯದು ‘ಇಬಾ’. ಇದಕ್ಕೆ ಪುಸ್ತಕಗಳಲ್ಲಿ ಪುಟಗಟ್ಟಲೆ ನಿಯಮ. ನಮಗೆ ಹೋದೆ, ಹೋಗ್ತಿದ್ದೆ, ಅಷ್ಟೇ. ‘ಮನೆ ನೋಡಿದೆ’ ಎನ್ನಬಹುದು, ಆದರೆ ಮನುಷ್ಯರಾದರೆ ‘ಮರಿಯಾಳನ್ನು ನೋಡಿದೆ’ ಎಂದೇ ಆಗಬೇಕಲ್ಲ? ಅವರದೂ ಹಾಗೇ: ‘ವಿ ಲಾ ಕಾಸಾ’, ಆದರೆ ‘ವಿ ಆ ಮರಿಯಾ’. ನಡುವಿನ ಆ ‘ಆ’ ನಮ್ಮ ‘ಅನ್ನು’ವಿನ ದಾಯಾದಿ.

ಇಂಗ್ಲಿಷಿನ ‘ಈಸ್’ ಒಂದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದ, ‘ಸೆರ್’ ಮತ್ತು ‘ಎಸ್ತಾರ್’. ಎಲ್ಲರೂ ಹೆದರುವ ಈ ಜೋಡಿಗೂ ಕನ್ನಡ ಅರ್ಧ ದಾರಿ ತೋರಿಸುತ್ತದೆ. ‘ಅವಳು ಡಾಕ್ಟರ್’ ಎನ್ನುವಾಗ ನಮಗೆ ಕ್ರಿಯಾಪದವೇ ಬೇಡ, ಅಲ್ಲಿ ‘ಎಸ್’. ‘ಮನೇಲಿದಾಳೆ’, ‘ಸುಸ್ತಾಗಿದಾಳೆ’ ಎಂದು ‘ಇರು’ ಬಂದಲ್ಲಿ ‘ಎಸ್ತಾ’. ಅರ್ಧ ದಾರಿ ಎಂದದ್ದು ಯಾಕೆಂದರೆ ‘ಎತ್ತರ ಇದಾಳೆ’ ಎಂಬಲ್ಲಿ ಈ ಸೂತ್ರ ಕೈಕೊಡುತ್ತದೆ, ಅಲ್ಲಿ ‘ಎಸ್ ಆಲ್ತಾ’ ಎನ್ನಬೇಕು. ನಾಮಪದಗಳ ಲಿಂಗದ ವಿಷಯದಲ್ಲಂತೂ ಕನ್ನಡ ಕಿಂಚಿತ್ತೂ ನೆರವಿಗೆ ಬರುವುದಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು. ‘ಲಾ ಮೆಸಾ’, ‘ಎಲ್ ಲಿಬ್ರೊ’ ಎಂದು ಜೊತೆಯಲ್ಲೇ ಉರು ಹೊಡೆಯದೆ ಬೇರೆ ದಾರಿಯಿಲ್ಲ.

ಉಚ್ಚಾರದಲ್ಲೂ ಇಂಗ್ಲಿಷ್ ಬಾಗಿಲಿನದೇ ತೊಂದರೆ. ರೋಮನ್ ಅಕ್ಷರ ಕಂಡ ಕೂಡಲೇ ನಮ್ಮ ನಾಲಿಗೆ ‘ಟಾಕೊ’ ಎನ್ನುತ್ತದೆ. ಅದು ‘ತಾಕೊ’. ಸ್ಪ್ಯಾನಿಷ್‌ನವರಿಗೆ ನಾಲಿಗೆ ಹಲ್ಲಿಗೆ ತಾಗಬೇಕು, ಟ-ಡ ಇಲ್ಲವೇ ಇಲ್ಲ. ಸ್ವರಗಳು ಐದೇ, ಹೆಚ್ಚುಕಡಿಮೆ ನಮ್ಮ ಅ, ಎ, ಇ, ಒ, ಉ. ಆ್ಯಪ್‌ನ ಧ್ವನಿ ಪರೀಕ್ಷೆ ‘ಟ’ ಅಂದರೂ ಹಸಿರು ಗುರುತು ಹಾಕಿ ಮುಂದೆ ಕಳಿಸಿಬಿಡುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ರಕಾರವನ್ನು ಕಂಪಿಸಲು ಕಲಿಯಲೇಬೇಕು.

ಈಗ ನಿಮ್ಮ ಕಾಲು ಗಂಟೆಯನ್ನು ಅರ್ಧ ಗಂಟೆ ಮಾಡಿ. ಆ್ಯಪ್‌ಗೆ ಹತ್ತು ನಿಮಿಷ ಸಾಕು. ಹತ್ತು ನಿಮಿಷ ನಿಮ್ಮ ಕನ್ನಡ ಕಾರ್ಡು, ಗಟ್ಟಿಯಾಗಿ ಹೇಳುತ್ತ. ಉಳಿದದ್ದು ಕೇಳುವುದಕ್ಕೆ. ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಎಂಬ ಉಚಿತ ಧ್ವನಿಪಾಠಗಳಿವೆ, ಸ್ಪ್ಯಾನಿಷ್‌ಗೆ 90 ಪಾಠ. ಅದೂ ಇಂಗ್ಲಿಷ್‌ನಲ್ಲೇ ಇದ್ದರೂ ವಾಕ್ಯವನ್ನು ನಿಮ್ಮ ಬಾಯಿಂದಲೇ ಕಟ್ಟಿಸುತ್ತದೆ. ಮಾತಾಡುವ ಚಾಟ್‌ಬಾಟ್‌ಗಳೂ ಅಭ್ಯಾಸಕ್ಕೆ ಆದಾವು. ಆದರೆ ಅವುಗಳ ಸೌಜನ್ಯ ಅತಿಯಾಯಿತು, ನಿಮ್ಮ ತಡವರಿಕೆಗೆಲ್ಲ ತಾಳ್ಮೆಯಿಂದ ಕಾಯುತ್ತವೆ. ಮನುಷ್ಯರು ಕಾಯುವುದಿಲ್ಲ, ನಡುವೆ ಬಾಯಿ ಹಾಕುತ್ತಾರೆ. ಆದ್ದರಿಂದ ವಾರಕ್ಕೊಮ್ಮೆ ದುಡ್ಡು ಕೊಟ್ಟಾದರೂ ಮೆಕ್ಸಿಕೋದ ಒಬ್ಬ ಟ್ಯೂಟರ್ ಜೊತೆ ಅರ್ಧ ಗಂಟೆ ವಿಡಿಯೊ ಕಾಲ್ ಇಟ್ಟುಕೊಳ್ಳಿ. ನಮ್ಮ ಬೆಳಗಿನ 7 ಗಂಟೆ ಎಂದರೆ ಮೆಕ್ಸಿಕೋ ಸಿಟಿಯಲ್ಲಿ ಹಿಂದಿನ ದಿನದ ಸಂಜೆ 7.30, ಇಬ್ಬರಿಗೂ ಬಿಡುವು. ಕಾರ್ಡಿನ ವಾಕ್ಯಗಳನ್ನೂ ಅವರಿಂದಲೇ ತಿದ್ದಿಸಿಕೊಳ್ಳಿ.

ಇನ್ನು ವಯಸ್ಸು. ಮಕ್ಕಳಿಗೆ ಬರುವಂಥ ಉಚ್ಚಾರ ನಮಗೆ ಪೂರ್ತಿ ದಕ್ಕಲಿಕ್ಕಿಲ್ಲ, ನಿಜ. ಆದರೆ ‘ಇದು ನಾಲ್ಕನೇ ವಿಭಕ್ತಿ’ ಎಂದು ಐದು ವರ್ಷದ ಮಗುವಿಗೆ ಹೊಳೆಯುವುದೂ ಇಲ್ಲ. ಟ್ಯೂಟರ್ ಮೊದಲ ದಿನ ವಯಸ್ಸು ಕೇಳೇ ಕೇಳುತ್ತಾರೆ. ‘ತೆಂಗೊ ಕ್ವಾರೆಂತಾ ಇ ಕ್ವಾತ್ರೊ ಆಞೊಸ್’ ಎನ್ನಿ. ವರ್ಣಮಾಲೆ ದಾಟಿದ ಮೇಲೆ ನಮಗೆ ಒತ್ತಕ್ಷರವಾಗಿ ಬಿಟ್ಟರೆ ಹೆಚ್ಚು ಕೆಲಸಕ್ಕೆ ಬಾರದಿದ್ದ ಆ ‘ಞ’ವನ್ನು ಸ್ಪಷ್ಟವಾಗಿ ಹೇಳಿ. ನಾನು ಅವಸರದಲ್ಲಿ ‘ಆನೊಸ್’ ಎಂದುಬಿಟ್ಟಿದ್ದೆ. ಅದರ ಅರ್ಥ ಗುದದ್ವಾರಗಳು. ನನ್ನ ಟ್ಯೂಟರ್ ಕ್ಯಾಮೆರಾ ಆಫ್ ಮಾಡಿಕೊಂಡು ನಕ್ಕರು.