ಕಡಲ್ಕೊರೆತ: ಏರುವುದು ಮಿಲಿಮೀಟರ್, ಹೋಗುವುದು ಮೀಟರ್

"ಸಮುದ್ರ ಮಟ್ಟ ಏರಿತು, ಬೀಚ್ ಕೊಚ್ಚಿಹೋಯಿತು" ಎಂದು ಪರೀಕ್ಷೆಯಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಡುತ್ತೇವೆ. ಆದರೆ ಅಂಕಿ ನೋಡಿದರೆ ಅನುಮಾನ ಬರಬೇಕು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ವರದಿ ಪ್ರಕಾರ 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಏರಿದ್ದು ಸುಮಾರು 20 ಸೆಂ.ಮೀ. ಹೆಚ್ಚುಕಡಿಮೆ ಒಂದು ಗೇಣು. ಈಚೆಗೆ ವೇಗ ಜಾಸ್ತಿಯಾಗಿದೆ: 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿ.ಮೀ. ಇಷ್ಟಕ್ಕೇ ತೆಂಗಿನ ಮರ ಬುಡಮೇಲಾಗುತ್ತದೆಯೇ?

ಉತ್ತರ ಇರುವುದು ದಡದ ಇಳಿಜಾರಿನಲ್ಲಿ. ಬೀಚ್ ಅಂದರೆ ನಮಗೆ ಕಾಣುವ ಮರಳು ಮಾತ್ರ ಅಲ್ಲ. ನೀರಿನಡಿ ನೂರಾರು ಮೀಟರ್ ದೂರದವರೆಗೆ ಅಲೆಗಳು ಮರಳನ್ನು ಅತ್ತಿತ್ತ ಸರಿಸುತ್ತಲೇ ಇರುತ್ತವೆ. ನೀರಿನ ಮಟ್ಟ ಏರಿದಾಗ ಅಲೆ ಇನ್ನೂ ಮೇಲಕ್ಕೆ ಬಂದು ಅಲ್ಲಿಯ ಮರಳನ್ನು ಕೆರೆದು ಕೆಳಗೆ ಹಾಸುತ್ತದೆ. ನೀರು ಏರಿದಷ್ಟೇ ತಳವೂ ಏರುವ ತನಕ ಇದು ನಡೆಯುತ್ತದೆ. ತಳ ಅಗಲ, ದಡ ಕಿರಿದು. ಹಾಗಾಗಿ ದಡ ಬಹಳ ಹಿಂದೆ ಸರಿಯಬೇಕಾಗುತ್ತದೆ.

ಇದನ್ನು 1962ರಲ್ಲಿ ಪೆರ್ ಬ್ರೂನ್ ಎಂಬ ಎಂಜಿನಿಯರ್ ಸೂತ್ರವಾಗಿ ಬರೆದರು. ಮರಳು ಓಡಾಡುವ ಪಟ್ಟಿಯ ಅಗಲ 600 ಮೀ., ದಡದ ಮೇಲ್ತುದಿಯಿಂದ ಆ ಪಟ್ಟಿಯ ಆಳದವರೆಗಿನ ಒಟ್ಟು ಎತ್ತರ 10 ಮೀ. ಎಂದುಕೊಳ್ಳಿ. 600 ಭಾಗಿಸು 10, ಅಂದರೆ 60. ನೀರು ಏರಿದ್ದರ 60 ಪಟ್ಟು ದಡ ಹಿಂದೆ ಹೋಗುತ್ತದೆ. ವರ್ಷಕ್ಕೆ 3.7 ಮಿ.ಮೀ. ಹಿಡಿದರೆ ಹತ್ತು ವರ್ಷದಲ್ಲಿ ಸುಮಾರು 2.2 ಮೀ. ಸಾಮಾನ್ಯವಾಗಿ ಈ ಪಟ್ಟು 50ರಿಂದ 100ರ ನಡುವೆ ಇರುತ್ತದೆ.

ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. ಮರಳು ಪಕ್ಕಕ್ಕೆ ಹೋಗುವುದೂ ಇಲ್ಲ, ಹೊರಗಿನಿಂದ ಬರುವುದೂ ಇಲ್ಲ ಎಂದು ಅದು ಊಹಿಸುತ್ತದೆ. ನಿಜವಾದ ಕರಾವಳಿಯಲ್ಲಿ ಹಾಗೆಲ್ಲಿರುತ್ತದೆ?

ಮಂಗಳೂರಿನ ಪಕ್ಕದ ಉಳ್ಳಾಲವನ್ನೇ ನೋಡಿ. ಅಲ್ಲಿ ಕೊರೆತ ಹತ್ತು ವರ್ಷಕ್ಕೆ ಎರಡು ಮೀಟರ್ ಲೆಕ್ಕದಲ್ಲಿ ನಿಂತಿಲ್ಲ. ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆ ಬಾಗಿಲಲ್ಲಿ ದೋಣಿಗಳ ಓಡಾಟಕ್ಕಾಗಿ 1990ರ ದಶಕದಲ್ಲಿ ಅಲೆ ತಡೆಯುವ ಕಲ್ಲಿನ ಕಟ್ಟೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರು. ದಡದುದ್ದಕ್ಕೂ ಸಾಗುವ ಮರಳಿಗೆ ಅದು ಅಡ್ಡ. ನದಿಯಲ್ಲಿ ಅಣೆಕಟ್ಟು, ಮರಳುಗಾರಿಕೆ ಬೇರೆ. ಬರಬೇಕಾದ ಮರಳೇ ಬರದಿದ್ದರೆ ಒಂದು ಗೇಣು ನೀರೂ ದುಬಾರಿ. ಉಳ್ಳಾಲಕ್ಕೆ ಸಮುದ್ರ ಮಟ್ಟವೊಂದನ್ನೇ ಕಾರಣ ಎಂದು ಬರೆದರೆ ಅದು ಅರ್ಧ ಉತ್ತರ, ನನ್ನ ಪ್ರಕಾರ ಅರ್ಧಕ್ಕಿಂತಲೂ ಕಡಿಮೆ.

ಮಳೆಗಾಲದ ಕೊರೆತವನ್ನು ಇದರ ಜೊತೆ ಬೆರೆಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆಗಳು ಮರಳನ್ನು ಒಳಕ್ಕೆ ಎಳೆದು ಸಮುದ್ರದಲ್ಲೇ ದಿಬ್ಬ ಕಟ್ಟುತ್ತವೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ನಿಧಾನಕ್ಕೆ ವಾಪಸ್ ತರುತ್ತವೆ. ಜುಲೈನ ಫೋಟೊ ಇಟ್ಟುಕೊಂಡು "ಬೀಚ್ ಮುಗಿಯಿತು" ಎನ್ನುವಂತಿಲ್ಲ. ಒಂದು ವರ್ಷದ ಮೇ ತಿಂಗಳನ್ನು ಇನ್ನೊಂದು ವರ್ಷದ ಮೇ ಜೊತೆಗೇ ಹೋಲಿಸಬೇಕು. ನೀರಿನ ಮಟ್ಟ ಏರಿದಂತೆ ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಪರಿಹಾರ ಅಂದ ಕೂಡಲೇ ಎಲ್ಲರೂ ಬರೆಯುವುದು ತಡೆಗೋಡೆ. ಕಲ್ಲು ತಂದು ಸುರಿದ ಗೋಡೆಯ ಬುಡ ಗಮನಿಸಿ. ಅಲೆ ಬಡಿದು ಹಿಂದೆ ಹಾರುವಾಗ ಬುಡದ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಹೊಂಡ ಬೀಳುತ್ತದೆ, ಕಲ್ಲು ಒಂದೊಂದಾಗಿ ಕುಸಿಯುತ್ತದೆ, ಮುಂದಿನ ವರ್ಷ ಮತ್ತೆ ಲಾರಿ ಬರುತ್ತದೆ. ಗೋಡೆಯ ಹಿಂದಿನ ರಸ್ತೆ ಉಳಿಯಬಹುದು, ಮುಂದಿನ ಬೀಚ್ ಉಳಿಯುವುದಿಲ್ಲ. ಗೋಡೆ ಮುಗಿಯುವ ಕಡೆ ಪಕ್ಕದವರ ಜಾಗಕ್ಕೆ ಏಟು ಜಾಸ್ತಿ. ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ (ಎಡಿಬಿ) ನೆರವಿನಿಂದ ಸಮುದ್ರದೊಳಗೇ ದಿಬ್ಬದಂಥ ರೀಫ್ ಕಟ್ಟಿ ಅಲೆಯ ಬಲ ಕುಗ್ಗಿಸಲು ನೋಡಿದ್ದು ಇದೇ ಕಾರಣಕ್ಕೆ. ಹೊರಗಿನಿಂದ ಮರಳು ತಂದು ತುಂಬುವುದು ಇನ್ನೊಂದು ದಾರಿ, ಆದರೆ ಕೆಲವು ವರ್ಷಕ್ಕೊಮ್ಮೆ ಮತ್ತೆ ತುಂಬಬೇಕು.

ಅಭ್ಯಾಸಕ್ಕೊಂದು ಲೆಕ್ಕ: ಪಟ್ಟಿ 800 ಮೀ., ಎತ್ತರ 10 ಮೀ., ನೀರು ಏರಿದ್ದು 20 ಸೆಂ.ಮೀ. ದಡ ಎಷ್ಟು ಸರಿಯಿತು? 16 ಮೀಟರ್ ಬರಬೇಕು. ಬರದಿದ್ದರೆ ಸೆಂ.ಮೀ.ಯನ್ನು ಮೀಟರ್ ಮಾಡುವುದು ಬಿಟ್ಟುಹೋಗಿರುತ್ತದೆ, ನೋಡಿ.