ಕ್ಲಚ್ ಹಿಡಿಯದೆ ಗಿಯರ್ ಬದಲಾಗುವುದು ಹೇಗೆ? ಹೋಂಡಾ ಸೂಪರ್ ಕಬ್ ಸ್ಕೂಟರೇ, ಮೊಪೆಡ್ಡೇ, ಬೈಕೇ?

ಪ್ರಶ್ನೆ: ವಿಯೆಟ್ನಾಂ, ಥಾಯ್ಲೆಂಡ್ ಕಡೆ ಬಾಡಿಗೆಗೆ ಸಿಗುವ ಹೋಂಡಾ ಗಾಡಿಗಳಲ್ಲಿ ಎಡಗೈಗೆ ಕ್ಲಚ್ ಇರುವುದಿಲ್ಲ, ಆದರೆ ಎಡಗಾಲಿನ ಹತ್ತಿರ ಗಿಯರ್ ಇರುತ್ತದೆ. ಕ್ಲಚ್ ಹಿಡಿಯದೆ ಗಿಯರ್ ಹೇಗೆ ಬೀಳುತ್ತದೆ? ಅಂಥ ಗಾಡಿಯನ್ನು ಸ್ಕೂಟರ್ ಎನ್ನಬೇಕೇ, ಮೊಪೆಡ್ ಎನ್ನಬೇಕೇ, ಬೈಕ್ ಎನ್ನಬೇಕೇ?

ಉತ್ತರ: ಆ ಗಾಡಿಗಳಲ್ಲಿ ಕ್ಲಚ್ ಖಂಡಿತವಾಗಿಯೂ ಇದೆ. ಇಲ್ಲದಿರುವುದು ಕೈಯಲ್ಲಿ ಹಿಡಿಯುವ ಲಿವರ್ ಮಾತ್ರ. ಲಿವರ್ ಮಾಡುವ ಕೆಲಸದಲ್ಲಿ ಅರ್ಧವನ್ನು ಇಂಜಿನ್ನಿನ ವೇಗಕ್ಕೂ ಉಳಿದರ್ಧವನ್ನು ಗಿಯರ್ ಪೆಡಲಿಗೂ ವಹಿಸಲಾಗಿದೆ. ಇನ್ನು ಅದು ಯಾವ ಬಗೆಯ ಗಾಡಿ ಎಂದರೆ, ಯಂತ್ರದ ರಚನೆಯನ್ನು ನೋಡುವವರು ಅದನ್ನು ಸಣ್ಣ ಮೋಟಾರ್‌ಸೈಕಲ್ ಎಂದೇ ಕರೆಯಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಹುಟ್ಟಿದ ದೇಶದ ಕಾನೂನು ಹಲವು ದಶಕಗಳ ಕಾಲ ಅದರ 50 ಸಿಸಿ ಮಾದರಿಯನ್ನು ಬೇರೆಯೇ ಹೆಸರಿನಿಂದ ಕರೆದಿದೆ. ಎರಡನ್ನೂ ಸ್ವಲ್ಪ ವಿವರವಾಗಿ ನೋಡೋಣ.

ಈ ಗಾಡಿಗಳೆಲ್ಲ ಹೋಂಡಾ ಕಂಪನಿಯ ಸೂಪರ್ ಕಬ್ ವಂಶಕ್ಕೆ ಸೇರಿದವು. ಮೂಲ ಮಾದರಿಯಾದ ಸಿ100 ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1958ರ ಆಗಸ್ಟ್ ತಿಂಗಳಿನಲ್ಲಿ, 55,000 ಯೆನ್ ಬೆಲೆಗೆ. 2017ರ ಅಕ್ಟೋಬರ್ ಹೊತ್ತಿಗೆ ಈ ವಂಶದ ಹತ್ತು ಕೋಟಿ ಗಾಡಿಗಳು ತಯಾರಾಗಿದ್ದವು. ವಿಯೆಟ್ನಾಮಿನಲ್ಲಿ ಯಾವ ಕಂಪನಿಯ ಬೈಕನ್ನಾದರೂ ಜನರು ಮಾತಿನಲ್ಲಿ 'ಹೋಂಡಾ' ಎಂದುಬಿಡುವಷ್ಟು ಆ ಹೆಸರು ಬೇರೂರಿದೆ.

ಲಿವರನ್ನು ತೆಗೆದದ್ದು ಏಕೆ ಎಂಬುದು ತಿಳಿದರೆ, ತೆಗೆದದ್ದು ಹೇಗೆ ಎಂಬುದು ಬೇಗ ಅರ್ಥವಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರಲ್ಲಿ, ಹಮಾಮತ್ಸು ಊರಿನ ಸೋಯಿಚಿರೋ ಹೋಂಡಾ ಅವರು ಸೈನ್ಯದ ವೈರ್‌ಲೆಸ್ ಯಂತ್ರಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಪುಟ್ಟ ಜನರೇಟರ್ ಇಂಜಿನ್ನುಗಳನ್ನು ಸೈಕಲ್ಲಿಗೆ ಜೋಡಿಸಿ ಮಾರತೊಡಗಿದರು. 1952ರಲ್ಲಿ ಬಂದ 'ಕಬ್ ಎಫ್' ಕೂಡ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕದಲ್ಲಿ ಕೂರಿಸುವ ಟೂ-ಸ್ಟ್ರೋಕ್ ಇಂಜಿನ್ನೇ ಆಗಿತ್ತು. ಕಂಪನಿಯ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ತಕೆಯೋ ಫುಜಿಸಾವಾ ಅವರು ದೇಶದ ಸುಮಾರು 50,000 ಸೈಕಲ್ ಅಂಗಡಿಗಳಿಗೆ ಪತ್ರ ಬರೆದು ಅದಕ್ಕೆ ಮಾರಾಟದ ಜಾಲವನ್ನು ಕಟ್ಟಿದರು. ಸೈಕಲ್ಲಿಗೆ ಜೋಡಿಸುವ ಇಂಜಿನ್ನಿನ ಕಾಲ ಮುಗಿಯುತ್ತಾ ಬಂದಾಗ ಹೋಂಡಾ ಸ್ಕೂಟರನ್ನೂ ಮಾಡಿ ನೋಡಿತು. 1954ರ 'ಜೂನೋ' ಎಂಬ ಆ ಸ್ಕೂಟರಿಗೆ ಸೆಲ್ಫ್ ಸ್ಟಾರ್ಟರ್ ಇತ್ತು, ಫೈಬರಿನ ಮೈಯಿತ್ತು. ಆದರೆ ಗಾಡಿ ತೂಕದ್ದಾಗಿ, ಇಂಜಿನ್ ಕಾದು, ಬಹಳ ದಿನ ನಿಲ್ಲಲಿಲ್ಲ.

1956ರಲ್ಲಿ ಹೋಂಡಾ ಮತ್ತು ಫುಜಿಸಾವಾ ಇಬ್ಬರೂ ಯುರೋಪಿಗೆ ಹೋಗಿ ಅಲ್ಲಿನ ಮೊಪೆಡ್ಡುಗಳನ್ನೂ ಸ್ಕೂಟರುಗಳನ್ನೂ ನೋಡಿ ಬಂದರು. ಅಲ್ಲಿನ ಸಮತಟ್ಟಾದ ರಸ್ತೆಗೆ ಹೊಂದಿದ ಆ ಗಾಡಿಗಳು ಜಪಾನಿನ ಅಂದಿನ ಮಣ್ಣುರಸ್ತೆಗೆ ಆಗುವುದಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. ಆಗ ಸೋಯಿಚಿರೋ ಹೋಂಡಾ ತಮ್ಮ ಇಂಜಿನಿಯರುಗಳ ಮುಂದಿಟ್ಟ ಬೇಡಿಕೆಗಳಲ್ಲಿ ಒಂದು ಇಡೀ ಗಾಡಿಯ ರೂಪವನ್ನೇ ನಿರ್ಧರಿಸಿತು. ಜಪಾನಿನ ಊರುಗಳಲ್ಲಿ ಸೋಬಾ, ಅಂದರೆ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಶಾವಿಗೆ, ಮಾರುವ ಅಂಗಡಿಯ ಹುಡುಗರು ಬಟ್ಟಲುಗಳನ್ನು ತಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸಿ, ಒಂದು ಕೈಯಲ್ಲಿ ಅದನ್ನು ಹೆಗಲ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಸೈಕಲ್ ತುಳಿದುಕೊಂಡು ಮನೆಮನೆಗೆ ಊಟ ಮುಟ್ಟಿಸುತ್ತಿದ್ದರು. ಆ ಹುಡುಗನು ಒಂದೇ ಕೈಯಲ್ಲಿ ಓಡಿಸಬಲ್ಲ ಗಾಡಿ ಬೇಕು ಎಂಬುದೇ ಆ ಬೇಡಿಕೆ.

ಒಂದೇ ಕೈ ಎಂದರೆ ಬಲಗೈ, ಏಕೆಂದರೆ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕು ಇರುವುದು ಅಲ್ಲಿಯೇ. ಹಿಂದಿನ ಬ್ರೇಕನ್ನು ಬಲಗಾಲಿಗೆ, ಗಿಯರನ್ನು ಎಡಗಾಲಿಗೆ ಕೊಟ್ಟರು. ಇಂಡಿಕೇಟರಿನ ಸ್ವಿಚ್ಚನ್ನು ಕೂಡ ಎಡಗಡೆ ಇಡದೆ ಬಲಗಡೆಯಲ್ಲೇ ಇಟ್ಟರು. ಜಪಾನಿನ ಹಳೆಯ ಸೂಪರ್ ಕಬ್ಬಿನ ಎಡ ಹ್ಯಾಂಡಲ್ಲನ್ನು ನೋಡಿದರೆ ಅಲ್ಲಿ ಕ್ಲಚ್ ಲಿವರೂ ಇಲ್ಲ, ಇಂಡಿಕೇಟರಿನ ಸ್ವಿಚ್ಚೂ ಇಲ್ಲ. ಲಿವರ್ ಇಲ್ಲದ ಆ ಹಿಡಿಕೆಯನ್ನು ನೋಡಿದಾಗಲೆಲ್ಲ ನನಗೆ ಆ ಸೋಬಾ ಹುಡುಗನ ಕೈ ನೆನಪಾಗುತ್ತದೆ.

ಈಗ ಕ್ಲಚ್ಚಿನ ವಿಚಾರ. ಇಂಜಿನ್ನಿಗೂ ಚಕ್ರಕ್ಕೂ ನಡುವಿನ ಕೊಂಡಿಯನ್ನು ಬೇಕಾದಾಗ ಬಿಡಿಸಿ, ಬೇಕಾದಾಗ ಕೂಡಿಸುವುದೇ ಕ್ಲಚ್ಚಿನ ಕೆಲಸ. ಇದು ಎರಡು ಸಂದರ್ಭಗಳಲ್ಲಿ ಬೇಕಾಗುತ್ತದೆ: ನಿಂತ ಗಾಡಿ ಹೊರಡುವಾಗ ಮತ್ತು ಓಡುತ್ತಿರುವ ಗಾಡಿಯ ಗಿಯರ್ ಬದಲಿಸುವಾಗ.

ಮೊದಲನೆಯದಕ್ಕೆ ಸೂಪರ್ ಕಬ್‌ನಲ್ಲಿ ಇರುವುದು ಕೇಂದ್ರಾಪಗಾಮಿ ಬಲದಿಂದ, ಅಂದರೆ ತಿರುಗುವ ವಸ್ತುವನ್ನು ಹೊರಕ್ಕೆ ತಳ್ಳುವ ಬಲದಿಂದ, ಕೆಲಸ ಮಾಡುವ ಕ್ಲಚ್. ಇದರ ಅತಿ ಸರಳವಾದ ರೂಪವನ್ನು ನಮ್ಮೂರಿನ ಯಾವ ಗ್ಯಾರೇಜಿನಲ್ಲಾದರೂ ನೋಡಬಹುದು. ಸಂತೆಗೆ ತರಕಾರಿ ಹೊರುವ ಟಿವಿಎಸ್ ಎಕ್ಸ್‌ಎಲ್‌ನ ಕ್ಲಚ್ ಬಿಚ್ಚುವಾಗ ಸ್ವಲ್ಪ ಹೊತ್ತು ನಿಂತು ನೋಡಿ. ಹೊರಗೆ ಬಟ್ಟಲಿನಂಥ ಒಂದು ಡ್ರಮ್, ಅದರೊಳಗೆ ಅರ್ಧಚಂದ್ರದ ಹಾಗೆ ಬಾಗಿದ ಶೂಗಳು, ಶೂಗಳ ಬೆನ್ನಿಗೆ ಬ್ರೇಕಿಗೆ ಹಚ್ಚುವಂಥದ್ದೇ ಲೈನಿಂಗ್, ಅವುಗಳನ್ನು ಒಳಕ್ಕೆ ಎಳೆದು ಹಿಡಿದಿರುವ ಸಣ್ಣ ಸ್ಪ್ರಿಂಗುಗಳು. ಡ್ರಮ್ಮಿನ ಒಳಮೈ ಶೂಗಳು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಇಂಜಿನ್ ನಿಧಾನವಾಗಿ ತಿರುಗುವಾಗ ಸ್ಪ್ರಿಂಗ್ ಗೆಲ್ಲುತ್ತದೆ, ಶೂಗಳು ಡ್ರಮ್ಮನ್ನು ಮುಟ್ಟುವುದಿಲ್ಲ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಆಕ್ಸಿಲರೇಟರ್ ಕೊಟ್ಟೊಡನೆ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ, ಗಾಡಿ ಹೊರಡುತ್ತದೆ. ಸೂಪರ್ ಕಬ್‌ನ ಮೂಲ ಮಾದರಿಯಲ್ಲಿ ಶೂಗಳ ಬದಲು ಆಯಿಲಿನಲ್ಲಿ ನೆನೆದಿರುವ ಕ್ಲಚ್ ಪ್ಲೇಟುಗಳಿದ್ದವು. ಇಂಜಿನ್ ವೇಗ ಹೆಚ್ಚಿದಂತೆ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ಆ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತಿದ್ದವು. ತತ್ವ ಒಂದೇ.

ಎಕ್ಸ್‌ಎಲ್‌ಗೆ ಇಷ್ಟೇ ಸಾಕು, ಏಕೆಂದರೆ ಅದರಲ್ಲಿ ಬದಲಿಸಲು ಗಿಯರ್ ಇಲ್ಲ. ಸೂಪರ್ ಕಬ್‌ನಲ್ಲಿ ಮೂರು ಗಿಯರುಗಳಿದ್ದವು, ನಂತರದ ಅನೇಕ ಮಾದರಿಗಳಲ್ಲಿ ನಾಲ್ಕು ಬಂದವು. ಗಾಡಿ ಓಡುವಾಗ ಇಂಜಿನ್ ವೇಗವಾಗಿ ತಿರುಗುತ್ತಲೇ ಇರುವುದರಿಂದ ತೂಕದ ತುಂಡುಗಳು ಕ್ಲಚ್ಚನ್ನು ಬಿಡುವುದಿಲ್ಲ, ಕ್ಲಚ್ ಬಿಡದೆ ಗಿಯರ್ ಸಲೀಸಾಗಿ ಬೀಳುವುದಿಲ್ಲ. ಈ ಗಂಟನ್ನು ಬಿಡಿಸಿದ್ದು ಗಿಯರ್ ಪೆಡಲ್. ಪೆಡಲನ್ನು ಕಾಲಿನಿಂದ ಒತ್ತಿದಾಗ ಅದರ ಚಲನೆಯ ಮೊದಲ ಪಾಲು ಒಳಗಿನ ಒಂದು ಸನ್ನೆಯ ಮೂಲಕ ಕ್ಲಚ್ ಪ್ಲೇಟುಗಳನ್ನು ಬಿಡಿಸುತ್ತದೆ, ಮುಂದಿನ ಪಾಲು ಗಿಯರನ್ನು ಸರಿಸುತ್ತದೆ, ಕಾಲನ್ನು ಎತ್ತಿದಾಗ ಪ್ಲೇಟುಗಳು ಮತ್ತೆ ಕೂಡಿಕೊಳ್ಳುತ್ತವೆ. ಅಂದರೆ ಕೈಯ ಲಿವರ್ ಕಾಲಿನ ಪೆಡಲಿನೊಳಗೇ ಅಡಗಿದೆ. ಮುಂದೆ ದೊಡ್ಡ ಇಂಜಿನ್ನುಗಳ ಮಾದರಿಗಳಲ್ಲಿ ಹೊರಡುವುದಕ್ಕೆ ಒಂದು, ಗಿಯರ್ ಬದಲಿಸುವುದಕ್ಕೆ ಇನ್ನೊಂದು ಎಂದು ಎರಡು ಕ್ಲಚ್ಚುಗಳನ್ನೇ ಇಟ್ಟರು, ಅದರಿಂದ ಗಿಯರ್ ಬೀಳುವಾಗಿನ ಜಗ್ಗು ಕಡಿಮೆಯಾಯಿತು.

ಬಾಡಿಗೆ ಗಾಡಿ ಹತ್ತುವ ಓದುಗರಿಗೆ ಇದರಿಂದ ನೇರವಾದ ಪ್ರಯೋಜನವಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮುಂಗಾಲಿನಿಂದ ಒತ್ತಿದರೆ ಮೇಲಿನ ಗಿಯರ್, ಹಿಮ್ಮಡಿಯಿಂದ ಒತ್ತಿದರೆ ಕೆಳಗಿನ ಗಿಯರ್. ಸ್ಪ್ಲೆಂಡರ್ ಓಡಿಸಿ ಅಭ್ಯಾಸವಿದ್ದವರಿಗೆ ಈ ಕ್ರಮ ಹೊಸದಲ್ಲ. ಮೇಲಿನ ಗಿಯರ್ ಹಾಕುವಾಗ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಒತ್ತಬೇಕು. ಕೆಳಗಿನ ಗಿಯರಿಗೆ ಇಳಿಯುವಾಗ ಮಾತ್ರ ಎಚ್ಚರ ಬೇಕು. ಹಿಮ್ಮಡಿಯಿಂದ ಒತ್ತಿ ಫಕ್ಕನೆ ಕಾಲೆತ್ತಿದರೆ ಕ್ಲಚ್ ಕೂಡ ಫಕ್ಕನೆ ಹಿಡಿದು ಹಿಂದಿನ ಚಕ್ರ ಎಳೆದಂತಾಗುತ್ತದೆ, ಮಳೆ ಬಿದ್ದ ರಸ್ತೆಯಲ್ಲಿ ಇದು ಅಪಾಯ. ಪೆಡಲನ್ನು ಒತ್ತಿ ಹಿಡಿದುಕೊಂಡೇ ಆಕ್ಸಿಲರೇಟರನ್ನು ಒಂದಿಷ್ಟು ಕೊಟ್ಟು, ಆಮೇಲೆ ಕಾಲನ್ನು ಮೆಲ್ಲಗೆ ಎತ್ತಿದರೆ ಗಾಡಿ ಕುಲುಕದೆ ಇಳಿಯುತ್ತದೆ. ನಾನು ಇದನ್ನು ಕಲಿತದ್ದು ನಮ್ಮ ಸೋದರಮಾವನವರಿಂದ. 'ಪೆಡಲ್ಲೇ ಕ್ಲಚ್ ಅಂತ ತಿಳ್ಕೊ' ಎಂದು ಅವರು ಹೇಳಿದ ಒಂದೇ ಮಾತಿನಿಂದ ಅರ್ಧ ದಿನದ ಗೊಂದಲ ಪರಿಹಾರವಾಗಿತ್ತು. ಇನ್ನೊಂದು ವಿಷಯ: ಕೆಲವು ಮಾದರಿಗಳಲ್ಲಿ ಗಾಡಿ ನಿಂತಿರುವಾಗ ಕೊನೆಯ ಗಿಯರಿನಿಂದ ಮತ್ತೊಮ್ಮೆ ಮುಂದಕ್ಕೆ ಒತ್ತಿದರೆ ನೇರವಾಗಿ ನ್ಯೂಟ್ರಲ್ ಬರುತ್ತದೆ. ಸಿಗ್ನಲ್ಲಿನಲ್ಲಿ ಇದು ಬಹಳ ಅನುಕೂಲ.

ಈಗ ಹೆಸರಿನ ಪ್ರಶ್ನೆಗೆ ಬರೋಣ. ಮೊಪೆಡ್ ಎಂಬ ಪದ ಹುಟ್ಟಿದ್ದು ಸ್ವೀಡನ್ನಿನಲ್ಲಿ, ಮೋಟಾರ್ ಮತ್ತು ಪೆಡಲ್ ಎಂಬೆರಡು ಪದಗಳ ಮೊದಲಕ್ಷರಗಳು ಕೂಡಿ. ನಮ್ಮ ಹಳೆಯ ಲೂನಾದ ಹಾಗೆ ತುಳಿಯುವ ಪೆಡಲ್ ಇರುವುದೇ ಅದರ ಮೂಲ ಲಕ್ಷಣ. ಹೋಂಡಾ ಅಂಥ ಗಾಡಿಯನ್ನೂ ಮಾಡಿದೆ: 1966ರ 'ಲಿಟಲ್ ಹೋಂಡಾ'ದಲ್ಲಿ ಪೆಡಲ್ ಇತ್ತು, ಇಂಜಿನ್ ಹಿಂದಿನ ಚಕ್ರದ ಬಳಿಯೇ ಕೂತಿತ್ತು. ಸೂಪರ್ ಕಬ್ಬಿಗೆ ತುಳಿಯುವ ಪೆಡಲ್ ಎಂದೂ ಇರಲಿಲ್ಲ. ಸ್ಕೂಟರ್ ಎನ್ನಲು ಕಾರಣ ಅದರ ಮುಂದಿನ ಪ್ಲಾಸ್ಟಿಕ್ ಕವಚ ಮತ್ತು ಸೀರೆ, ಸ್ಕರ್ಟ್ ಉಟ್ಟವರೂ ಕಾಲೆತ್ತದೆ ಹತ್ತಬಹುದಾದ ತಗ್ಗಿದ ನಡು. ಆದರೆ ಸ್ಕೂಟರಿನ ಇಂಜಿನ್ ಸಾಮಾನ್ಯವಾಗಿ ಹಿಂದಿನ ಚಕ್ರದ ಪಕ್ಕದಲ್ಲಿ ಇರುತ್ತದೆ, ಚಕ್ರಗಳು ಸಣ್ಣವಾಗಿರುತ್ತವೆ, ಕಾಲಿಡಲು ಸಪಾಟಾದ ಹಲಗೆ ಇರುತ್ತದೆ. ಸೂಪರ್ ಕಬ್ಬಿನ ಇಂಜಿನ್ ಎರಡು ಚಕ್ರಗಳ ನಡುವೆ ಫ್ರೇಮಿಗೆ ತೂಗಿಕೊಂಡಿದೆ, ಶಕ್ತಿ ಚೈನಿನ ಮೂಲಕ ಹೋಗುತ್ತದೆ, ಕಾಲು ಫುಟ್‌ರೆಸ್ಟಿನ ಮೇಲಿರುತ್ತದೆ. ಹಳ್ಳದಿಣ್ಣೆಗಳಲ್ಲಿ ತಡೆಯಲಿ ಎಂದು ಚಕ್ರವನ್ನು 17 ಇಂಚು ಮಾಡಿದರು. ಆಗ ಜಪಾನಿನಲ್ಲಿ ಆ ಅಳತೆಯ ಟೈರೇ ಸಿಗುತ್ತಿರಲಿಲ್ಲವಾದ್ದರಿಂದ ಅದನ್ನೂ ಹೊಸದಾಗಿ ಮಾಡಿಸಬೇಕಾಯಿತು. ಇವೆಲ್ಲವೂ ಮೋಟಾರ್‌ಸೈಕಲ್ಲಿನ ಲಕ್ಷಣಗಳೇ.

ನಡುವನ್ನು ತಗ್ಗಿಸಬೇಕಾದರೆ ಇಂಜಿನ್ನನ್ನೂ ತಗ್ಗಿಸಬೇಕು. ಅದಕ್ಕಾಗಿ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸದೆ ಮುಂದಕ್ಕೆ ಮಲಗಿಸಿದರು. 49 ಸಿಸಿಯ ಆ ಫೋರ್-ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 9,500 ಸುತ್ತಿನಲ್ಲಿ 4.5 ಅಶ್ವಶಕ್ತಿ ಕೊಡುತ್ತಿತ್ತು, ಆರು ವರ್ಷ ಹಿಂದಿನ ಕಬ್ ಎಫ್‌ನ ಶಕ್ತಿ ಕೇವಲ ಒಂದು ಅಶ್ವಶಕ್ತಿ. ಈ ಮಲಗಿದ ಸಿಲಿಂಡರನ್ನು ನೀವು ಪ್ರತಿದಿನ ನೋಡುತ್ತಿದ್ದೀರಿ. 1985ರ ಹೀರೋ ಹೋಂಡಾ ಸಿಡಿ100ರಲ್ಲಿ, ಆಮೇಲೆ ಸ್ಪ್ಲೆಂಡರಿನಲ್ಲಿ ಬಂದ 97 ಸಿಸಿ ಇಂಜಿನ್ ಇದೇ ಮನೆತನದ್ದು. ಸ್ಪ್ಲೆಂಡರಿನ ಪಕ್ಕ ಕುಳಿತು ನೋಡಿದರೆ ಸಿಲಿಂಡರ್ ನೆಲಕ್ಕೆ ಸಮಾಂತರವಾಗಿ ಮುಂದಕ್ಕೆ ಚಾಚಿಕೊಂಡಿರುವುದು, ಅದರ ಮೇಲೆ ಟ್ಯಾಂಕಿನವರೆಗೂ ಸಾಕಷ್ಟು ಜಾಗ ಖಾಲಿ ಉಳಿದಿರುವುದು ಕಾಣುತ್ತದೆ. ಸೂಪರ್ ಕಬ್ಬಿನಲ್ಲಿ ಆ ಜಾಗವೇ ಸವಾರನು ಕಾಲು ದಾಟಿಸುವ ದಾರಿ. ನಮ್ಮಲ್ಲಿ 1990ರ ದಶಕದ ಕೊನೆಯಲ್ಲಿ ಬಂದ ಹೀರೋ ಹೋಂಡಾ ಸ್ಟ್ರೀಟ್ ಇದೇ ವಂಶದ, ಕ್ಲಚ್ ಲಿವರ್ ಇಲ್ಲದ ಗಾಡಿಯಾಗಿತ್ತು. ಅಷ್ಟರಲ್ಲಿ ಗಿಯರಿನ ಗೊಡವೆಯೇ ಇಲ್ಲದ ಸ್ಕೂಟರನ್ನು ಕೈನೆಟಿಕ್ ಹೋಂಡಾ ನಮಗೆ ಪರಿಚಯಿಸಿಯಾಗಿತ್ತು, ಗಂಡಸರು ಬೈಕಿನ ಟ್ಯಾಂಕನ್ನು ಬಿಡಲು ಒಪ್ಪಲಿಲ್ಲ. ಎರಡರ ನಡುವಿನ ಸ್ಟ್ರೀಟ್‌ಗೆ ಇಲ್ಲಿ ನೆಲೆ ಸಿಗಲಿಲ್ಲ. ಒಳ್ಳೆಯ ಗಾಡಿಯೊಂದನ್ನು ನಾವು ಸರಿಯಾಗಿ ಗಮನಿಸದೆ ಕಳೆದುಕೊಂಡೆವು ಎಂದೇ ನನಗೆ ಅನಿಸುತ್ತದೆ.

ಕಾನೂನಿನ ಲೆಕ್ಕ ಮಾತ್ರ ಬೇರೆ. ಜಪಾನಿನಲ್ಲಿ 50 ಸಿಸಿಯವರೆಗಿನ ಗಾಡಿಗಳಿಗೆ 'ಗೆಂತ್ಸುಕಿ' ಎಂಬ ವರ್ಗವಿದೆ, ಅದರ ಪೂರ್ಣ ಹೆಸರಿನ ಅರ್ಥ 'ಇಂಜಿನ್ ಜೋಡಿಸಿದ ಸೈಕಲ್'. ಗಂಟೆಗೆ 30 ಕಿಲೋಮೀಟರ್ ಮಿತಿಯ ಈ ವರ್ಗದಲ್ಲೇ ಸೂಪರ್ ಕಬ್ 50 ಕೊನೆಯವರೆಗೂ ಉಳಿಯಿತು. ದೊಡ್ಡ ಇಂಜಿನ್ನಿನ ಕಬ್ಬುಗಳನ್ನು ಅಲ್ಲಿ ಆಟೋಮ್ಯಾಟಿಕ್ ಗಾಡಿಗೆ ಸೀಮಿತವಾದ ಲೈಸೆನ್ಸಿನಲ್ಲೂ ಓಡಿಸಬಹುದು, ಏಕೆಂದರೆ ಆ ಕಾನೂನು ನೋಡುವುದು ಕ್ಲಚ್ ಲಿವರನ್ನು. ನಮ್ಮ ಲೈಸೆನ್ಸು ಗಿಯರ್ ಇದೆಯೇ ಇಲ್ಲವೇ ಎಂದು ನೋಡುತ್ತದೆ. ಹೊಗೆಯ ಹೊಸ ನಿಯಮಗಳಿಗೆ ಹೊಂದಿಸುವುದು ಕಷ್ಟವಾದ್ದರಿಂದ 50 ಸಿಸಿ ಸೂಪರ್ ಕಬ್ಬಿನ ತಯಾರಿಕೆ 2025ರ ಮೇ ತಿಂಗಳಿಗೆ ನಿಂತಿತು. ಅದೇ ವರ್ಷದ ಏಪ್ರಿಲಿನಿಂದ, ಶಕ್ತಿಯನ್ನು 4 ಕಿಲೋವ್ಯಾಟ್‌ಗೆ, ಅಂದರೆ ಸುಮಾರು ಐದೂವರೆ ಅಶ್ವಶಕ್ತಿಗೆ ಮಿತಿಗೊಳಿಸಿದ 125 ಸಿಸಿವರೆಗಿನ ಗಾಡಿಗಳನ್ನೂ ಅಲ್ಲಿ 'ಇಂಜಿನ್ ಜೋಡಿಸಿದ ಸೈಕಲ್' ಎಂದೇ ಪರಿಗಣಿಸಲಾಗುತ್ತಿದೆ.